ಸಾವಿರಕ್ಕೆ ಸಿಗದ ನಡುಕ

ಕಾಗದದ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಗ್ರಾಫಮ್ಮ ಎನ್ನುತ್ತಿದ್ದರು. ಹೆಸರಿಟ್ಟವನು ಅವಳ ಚಿಕ್ಕಪ್ಪನೇ. ಅಲ್ಲಿನ ಹಿರಿಯ ಫಿಟ್ಟರ್ ಅವನು. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಸಾಕಿ, ಓದಿಸಿ, ಅದೇ ಗೇಟಿನೊಳಗೆ ಕೆಲಸಕ್ಕೆ ಕರೆತಂದವನು.

ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡರೆ ಸಾಕು, ಒಳಗೇನು ಕೆಟ್ಟಿದೆ ಎಂದು ಅವನು ಹೇಳಿಬಿಡುತ್ತಿದ್ದ. ಅವಳ ದಾರಿ ಬೇರೆ. ಯಂತ್ರಕ್ಕೆ ಸೆನ್ಸರ್ ಅಂಟಿಸಿ, ಅದರ ನಡುಕವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು, ಆ ಅಂಕಿಗಳನ್ನು ಗಣಿತದ ಸಾಫ್ಟ್‌ವೇರಿಗೆ ಕೊಡುತ್ತಿದ್ದಳು. ಅದು ಫೂರಿಯರ್ ಲೆಕ್ಕ ಹಾಕಿ, ಒಂದರಲ್ಲೊಂದು ಕಲೆಸಿಹೋದ ನಡುಕಗಳನ್ನು ಬಿಡಿಸಿ, ಸೆಕೆಂಡಿಗೆ ಹತ್ತು ಸಲದ್ದು ಎಷ್ಟು, ನೂರು ಸಲದ್ದು ಎಷ್ಟು ಎಂದು ಗೆರೆಗಳಲ್ಲಿ ತೋರಿಸುತ್ತಿತ್ತು.

"ನನ್ನ ಕಿವಿಗೆ ವಯಸ್ಸಾಗೋ ಹೊತ್ತಿಗೆ ಸರಿಯಾಗಿ ಬಂದೆ ನೋಡು," ಎಂದು ಚಿಕ್ಕಪ್ಪ ನಗುತ್ತಿದ್ದ.

ಒಂದು ಬೆಳಿಗ್ಗೆ ಅವನು ನಗದೆ ಬಂದ. "ಪುಟ್ಟಿ, ಒಣಗಿಸೋ ಕಡೆ ದೊಡ್ಡ ಫ್ಯಾನ್ ಇದೆಯಲ್ಲ, ಅದರ ಬೇರಿಂಗ್ ಸಣ್ಣಗೆ ಕಿರುಗುಟ್ತಾ ಇದೆ. ಒಂದ್ಸಲ ನೋಡಮ್ಮ."

ಅವಳು ಅಳೆದಳು. ಕಂಪ್ಯೂಟರಿನಲ್ಲಿ ಜಾಗ ಸಾಲುತ್ತಿಲ್ಲವೆಂದು ಆ ತಿಂಗಳು ಅಳತೆಯನ್ನು ಸೆಕೆಂಡಿಗೆ ಐದು ಸಾವಿರದಿಂದ ಒಂದು ಸಾವಿರಕ್ಕೆ ಅವಳೇ ಇಳಿಸಿದ್ದಳು. ಪರದೆಯ ಮೇಲೆ ನಲವತ್ತರ ಹತ್ತಿರ ಒಂದು ಗೆರೆ ಎದ್ದಿತ್ತು. ಪಕ್ಕದ ಫ್ಯಾನು ಸೆಕೆಂಡಿಗೆ ನಲವತ್ತು ಸುತ್ತು ತಿರುಗುತ್ತಿತ್ತು.

"ಇದು ಪಕ್ಕದ ಫ್ಯಾನಿನದು ಚಿಕ್ಕಪ್ಪ. ನಿಮ್ಮ ಫ್ಯಾನಿಗೆ ಏನೂ ಆಗಿಲ್ಲ."

"ಹಾಗಂತೀಯಾ?" ಅವನು ಪರದೆಯನ್ನೇ ಸ್ವಲ್ಪ ಹೊತ್ತು ನೋಡಿದ. "ಆಯ್ತು ಬಿಡು. ನನ್ನ ಕಿವಿಗೇ ಏನೋ ಆಗಿರಬೇಕು."

ಒಂಬತ್ತನೆಯ ದಿನ, ಮಧ್ಯಾಹ್ನದ ಊಟ ಮುಗಿಸಿ ಅವನು ಅದೇ ಫ್ಯಾನಿನ ಪಕ್ಕ ನಿಂತಿದ್ದಾಗ ಬೇರಿಂಗ್ ಒಡೆಯಿತು. ಮುರಿದ ಕಬ್ಬಿಣ ಎದೆಗೆ ಬಡಿಯಿತು. ಆಸ್ಪತ್ರೆ ತಲುಪುವ ಮುನ್ನವೇ ಉಸಿರು ನಿಂತಿತ್ತು.

ವಿಚಾರಣೆಯವರು ಫಿಟ್ಟರ್ ಹೊತ್ತಿಗೆ ಸರಿಯಾಗಿ ಗ್ರೀಸ್ ಹಾಕಿರಲಿಲ್ಲ ಎಂದು ಬರೆದುಕೊಂಡರು. ಅವಳು ಅದನ್ನು ನಂಬಲಿಲ್ಲ. ಅವನು ಊಟ ಮರೆತರೂ ಗ್ರೀಸ್ ಮರೆಯುವವನಲ್ಲ.

ಅದೇ ಫ್ಯಾನಿನ ಎರಡು ತಿಂಗಳ ಹಿಂದಿನ, ಐದು ಸಾವಿರದ ಅಳತೆಯ ಫೈಲನ್ನು ಹುಡುಕಿ ತೆಗೆದಳು. ಅದರಲ್ಲಿ ನಲವತ್ತರ ಬಳಿ ಏನೂ ಇರಲಿಲ್ಲ. ಒಂಬೈನೂರ ಅರವತ್ತರಲ್ಲಿ, ಕೂದಲೆಳೆಯಷ್ಟು ತೆಳ್ಳಗೆ, ಒಂದು ಗೆರೆ ಇತ್ತು. ಬೇರಿಂಗ್ ಆಗಲೇ ಬಿರುಕು ಬಿಡತೊಡಗಿತ್ತು. ಅದೇ ಅಂಕಿಗಳಲ್ಲಿ ಐದಕ್ಕೊಂದನ್ನು ಮಾತ್ರ ಉಳಿಸಿಕೊಂಡು ಮತ್ತೆ ಲೆಕ್ಕ ಹಾಕಿಸಿದಳು. ಒಂಬೈನೂರ ಅರವತ್ತು ಮಾಯವಾಯಿತು. ನಲವತ್ತರಲ್ಲಿ ಗೆರೆ ಎದ್ದಿತು. ಸಾವಿರ ಸಲ ಮಾತ್ರ ಅಳೆದರೆ ಅಷ್ಟು ವೇಗದ ನಡುಕ ಕೈಗೆ ಸಿಗದೆ, ಸಾವಿರಕ್ಕೆ ಎಷ್ಟು ಕಡಿಮೆಯೋ ಅಷ್ಟರ ವೇಷ ಹಾಕಿಕೊಂಡು ಬರುತ್ತದೆ. ಕಾಲೇಜಿನಲ್ಲಿ ಮೊದಲ ವಾರವೇ ಕಲಿತ ಪಾಠ ಅದು. ಅಂದು ಅವಳು ಪಕ್ಕದ ಫ್ಯಾನಿನದು ಎಂದದ್ದು ಈ ಬೇರಿಂಗಿನ ನಡುಕವನ್ನೇ.

ಎಲ್ಲವನ್ನೂ ಬರೆದು ಮ್ಯಾನೇಜರಿನ ಮೇಜಿನ ಮೇಲಿಟ್ಟಳು.

"ಯಾರೂ ನಿನ್ನನ್ನ ಕೇಳಿಲ್ಲ. ಸುಮ್ಮನೆ ಯಾಕಮ್ಮ ಮೈಮೇಲೆ ಎಳ್ಕೊಳ್ತೀಯಾ?"

"ತಪ್ಪು ನನ್ನದು ಸಾರ್. ಅವರ ಹೆಸರು ತೆಗೀರಿ."

ಹೆಸರು ತೆಗೆದರು. ಅವಳನ್ನು ಉಗ್ರಾಣಕ್ಕೆ ಹಾಕಿದರು. ನಟ್ಟು ಬೋಲ್ಟುಗಳ ಪಟ್ಟಿ ಬರೆಯುವ ಕೆಲಸ. ಅದು ಅವಳಿಗೆ ದೊಡ್ಡದಾಗಿ ಕಾಣಲಿಲ್ಲ. ಚಿಕ್ಕಮ್ಮನಿಗೆ ಹೇಳುವುದಿನ್ನೂ ಬಾಕಿಯಿತ್ತು.

ಚಿಕ್ಕಮ್ಮ ಬಟ್ಟೆ ಮಡಚುತ್ತಲೇ ಕೇಳಿಸಿಕೊಂಡಳು. ಗೆರೆ, ಅಂಕಿ ಯಾವುದೂ ಅವಳಿಗೆ ಬೇಕಿರಲಿಲ್ಲ.

"ಅಂದ್ರೆ ಅವರ ಕಿವಿಗೆ ಬಿದ್ದಿದ್ದು ನಿಜವೇ?"

"ನಿಜ ಚಿಕ್ಕಮ್ಮ."

"ಆ ವಾರವೆಲ್ಲ ನನ್ನನ್ನ ಕೇಳ್ತಿದ್ರು ಕಣೆ, ನನಗೆ ಕಿವಿ ಮಂದ ಆಗಿದೆಯೇನೇ ಅಂತ. ಹೌದು, ಟಿವಿ ಜೋರಾಗಿ ಇಡ್ತೀರಿ ಅಂತ ನಾನೂ ಹೇಳ್ದೆ."

ಮಡಚಿದ ಬಟ್ಟೆಗಳನ್ನು ಎತ್ತಿಕೊಂಡು ಅವಳು ಒಳಗೆ ಹೋದಳು.

ಚಿಕ್ಕಮ್ಮ ಮಾತು ಬಿಡಲಿಲ್ಲ. ಭಾನುವಾರ ಹೋದರೆ ಬಾಗಿಲು ತೆರೆಯುತ್ತಾಳೆ, ತಟ್ಟೆ ಇಡುತ್ತಾಳೆ, ಇನ್ನಷ್ಟು ಹಾಕಲಾ ಎಂದು ಕೇಳುತ್ತಾಳೆ. ಮುಖ ನೋಡುವುದನ್ನು ಮಾತ್ರ ಬಿಟ್ಟಿದ್ದಾಳೆ. ಹೀಗೆ ಮೂರು ವರ್ಷವಾಯಿತು.