ಊಟಕ್ಕೆ ಮೊದಲು ಒಪ್ಪಿಗೆ

ಕಾರ್ಯಾಗಾರಕ್ಕೆ ಕರೆದರೆ ಇಲ್ಲವೆನ್ನಲು ನನಗೆ ಬಾರದು. ನಿವೃತ್ತನಾದ ರಾಜ್ಯಶಾಸ್ತ್ರದ ಮೇಷ್ಟರಿಗೆ ಮಾತಾಡಲು ಮೈಕು, ಹೊದೆಯಲು ಶಾಲು, ಮಧ್ಯಾಹ್ನಕ್ಕೆ ಊಟ ಇಷ್ಟೂ ಒಂದೇ ಕಡೆ ಸಿಗುವುದು ಅಲ್ಲಿ ಮಾತ್ರ. ಶಾಲುಗಳಂತೂ ಎಷ್ಟು ಸೇರಿವೆಯೆಂದರೆ, ಮೂರ್ನಾಡಿನ ನಮ್ಮ ಮನೆಯಂಗಳದಲ್ಲಿ ಕಾಫಿ ಒಣಹಾಕಿದಾಗ ಮಳೆ ಹನಿದರೆ ಮೊದಲು ಕೈಗೆ ಸಿಗುವುದು ಅವೇ.

ಈಚೆಗೆ ಪೊನ್ನಂಪೇಟೆ ಕಡೆಯ ಒಂದು ಕಾಲೇಜಿನಿಂದ ಕರೆ ಬಂತು. ಅಮೆರಿಕ ದೇಶವನ್ನು ಕಟ್ಟಿದ ಮೂಲತತ್ವಗಳ ಬಗ್ಗೆ ಪದವಿ ತರಗತಿಗೆ ಹೊಸ ಪತ್ರಿಕೆ ರೂಪಿಸಬೇಕು, ಅಧ್ಯಾಪಕರಿಗೆ ನೆರವಾಗಿ ಎಂದರು. ಪತ್ರಿಕೆ ರೂಪಿಸುವುದೆಂದರೆ ನಮ್ಮಲ್ಲಿ ಏನೆಂದು ನಿಮಗೂ ಗೊತ್ತಿರಬೇಕು. ಬೇರೆ ಯಾರದೋ ಪಠ್ಯಕ್ರಮವನ್ನು ಇಳಿಸಿಕೊಂಡು, ಘಟಕಗಳಾಗಿ ಕತ್ತರಿಸಿ, ಕೊನೆಗೆ ‘ವಿದ್ಯಾರ್ಥಿಗಳು ವಿಮರ್ಶಾತ್ಮಕವಾಗಿ ಚಿಂತಿಸುವರು’ ಎಂದು ಸೇರಿಸುವುದು. ಚಿಂತಿಸುವ ಕೆಲಸ ವಿದ್ಯಾರ್ಥಿಗಳದು, ಮೇಷ್ಟರುಗಳದ್ದು ಸೇರಿಸುವುದಷ್ಟೇ.

ಸಂಚಾಲಕರು ಹೊರಗಿನಿಂದ ಬಂದ ಪ್ರೊಫೆಸರು. ಬೆಳಿಗ್ಗೆಯಿಡೀ ಒಂದೇ ಮಾತನ್ನು ತಿರುತಿರುಗಿಸಿ ಹೇಳಿದರು: ಆಳಿಸಿಕೊಳ್ಳುವವರ ಒಪ್ಪಿಗೆಯಿಲ್ಲದ ಅಧಿಕಾರ ಅಧಿಕಾರವೇ ಅಲ್ಲ. ಇಂಥ ಯೋಚನೆ ಅಮೆರಿಕದವರಿಗಿಂತ ಮುಂಚೆ ಯಾರಿಗೂ ಹೊಳೆದಿರಲಿಲ್ಲವಂತೆ. ನಾನು ಸುಮ್ಮನಿರದೆ ಕೊಡವರ ಮದುವೆಯ ಅರುವನ ಮಾತೆತ್ತಿದೆ. ಒಂದೊಂದು ಮನೆಯವರ ಪರವಾಗಿ ನಿಂತು ಮಾತಾಡುವವನು ಅರುವ. ಹೆಣ್ಣಿನ ಕಡೆಯ ಅರುವ, ಗಂಡಿನ ಮನೆಯಲ್ಲಿ ಅವಳಿಗೆ ಸಿಗುವ ಹಕ್ಕಿನ ಗುರುತಾಗಿ ಸಣ್ಣ ಕಲ್ಲುಗಳನ್ನು ಗಂಡಿನ ಕಡೆಯ ಅರುವನಿಗೆ ಒಪ್ಪಿಸುತ್ತಾನೆ, ಒಂದನ್ನು ಮಾತ್ರ ಉಳಿಸಿಕೊಳ್ಳುತ್ತಾನೆ. ಅಲ್ಲಿ ಸರಿಹೋಗದಿದ್ದರೆ ಅವಳು ತವರಿಗೆ ತಿರುಗಿ ಬರಬಹುದು ಎಂಬುದಕ್ಕೆ ಆ ಒಂದು ಕಲ್ಲು. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವ ಹಕ್ಕೆಂದರೆ ಇದೇ ಅಲ್ಲವೇ ಎಂದೆ. ಪ್ರೊಫೆಸರು ಮುಗುಳ್ನಕ್ಕು, ‘ಸ್ವಾರಸ್ಯವಾಗಿದೆ, ಆದರೆ ಆಕರಗ್ರಂಥ ಬೇಕಲ್ಲ’ ಎಂದರು. ಶಾಲು ಇನ್ನೂ ಹೊದಿಸಿರಲಿಲ್ಲವಾದ್ದರಿಂದ ನಾನು ಕೂತೆ.

ಹೊಸ ಪತ್ರಿಕೆ ಬಂದರೆ ಹಳೆಯದೊಂದು ಹೋಗಬೇಕು. ಹೋಗುವುದು ಗ್ರಾಮ ಪಂಚಾಯಿತಿಯ ಪತ್ರಿಕೆ ಎಂಬ ಗುಸುಗುಸು ಇತ್ತು. ಅದನ್ನು ಕಲಿಸುವವಳು ಹುದಿಕೇರಿಯ ದೇಚಮ್ಮ, ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ, ಈಗ ಅಲ್ಲಿ ಅತಿಥಿ ಉಪನ್ಯಾಸಕಿ. ಮಕ್ಕಳನ್ನು ಗ್ರಾಮಸಭೆಗೆ ಕರೆದೊಯ್ದು ಪ್ರಶ್ನೆ ಕೇಳಿಸುತ್ತಿದ್ದಳು. ಪತ್ರಿಕೆ ಹೋದರೆ ಅವಳ ಕಾರ್ಯಭಾರ ಹೋಯಿತು, ಕಾರ್ಯಭಾರ ಹೋದರೆ ಕೆಲಸವೇ ಹೋಯಿತು. ಆದರೆ ಅವಳು ಸಭೆಯಲ್ಲಿರಲಿಲ್ಲ. ಎಂಥ ಘನ ಕಾರ್ಯಾಗಾರವಿರಲಿ, ಅತಿಥಿ ಉಪನ್ಯಾಸಕಿಯರಿಗೆ ಮೀಸಲು ಊಟದ ಸಮಿತಿ. ಬೆಳಿಗ್ಗೆ ನನ್ನೆದುರೇ ವಿಭಾಗದ ಮುಖ್ಯಸ್ಥರಿಗೆ ಹೇಳಿ ಹೋಗಿದ್ದಳು: ‘ಸಾರ್, ನನ್ನ ಪೇಪರ್ ವಿಷಯ ಬಂದ್ರೆ ನನ್ನನ್ನು ಕರೀರಿ.’

‘ನಾನಿದ್ದೇನಲ್ಲ ಮಾರಾಯ್ತಿ, ನಾನೇ ಮಾತಾಡ್ತೇನೆ. ನೀನು ಊಟಕ್ಕೆ ಕಡಂಬುಟ್ಟು ಬಂತಾ ನೋಡು’ ಎಂದಿದ್ದರು ಅವರು.

ಸಭೆಯಲ್ಲಿ ಆ ಪತ್ರಿಕೆಯ ಸರದಿ ಬಂದಾಗ ಈ ಅರುವ ಮಾತಾಡಿದ್ದು ಇಷ್ಟೇ: ‘ನಮ್ಮ ವಿಭಾಗದ ಅಭ್ಯಂತರವಿಲ್ಲ.’ ಸರ್ವಾನುಮತ, ಚಪ್ಪಾಳೆ. ನನಗೆ ಮೈ ಉರಿಯಿತು. ದೇಚಮ್ಮನನ್ನು ಕೇಳಬೇಡವೇ ಎಂದೆ. ‘ಊಟವಾದ ಮೇಲೆ ತಿಳಿಸೋಣ’ ಎಂದರು ಪ್ರೊಫೆಸರು. ಎಲ್ಲರೂ ಸಮಾನರೆಂದು ಸಾರಿದ ಆ ಅಮೆರಿಕದ ಹಿರಿಯರಲ್ಲೂ ಹಲವರು ಗುಲಾಮರ ಕೈಯಲ್ಲಿ ಬಡಿಸಿಕೊಂಡು ಉಂಡವರೇ. ಆ ಮಟ್ಟಿಗೆ ನಮ್ಮವರು ಮೂಲಕ್ಕೆ ನಿಷ್ಠರಾಗಿದ್ದರು.

ಚಪ್ಪಾಳೆ ಕೇಳಿ ಬಂದ ದೇಚಮ್ಮನಿಗೆ ಬಾಗಿಲಲ್ಲೇ ವಿಷಯ ತಿಳಿಸಿದೆ. ಅವಳು ಸ್ಟಾಫ್ ರೂಮಿನ ಕಡೆಗೆ ಹಿಂದಿರುಗಿದಳು.

ಊಟವನ್ನು ಕೋತಿಗಳ ಕಾಟಕ್ಕೆ ಹೆದರಿ ಸ್ಟಾಫ್ ರೂಮಿನಲ್ಲಿಟ್ಟು ಬೀಗ ಹಾಕಿದ್ದರು. ನಾವೆಲ್ಲ ಕೈ ತೊಳೆದುಕೊಂಡು ಹೋದರೆ, ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ದೇಚಮ್ಮ ಕೂತಿದ್ದಾಳೆ.

‘ಕೀ ಎಲ್ಲಿ?’ ಎಂದರು ಮುಖ್ಯಸ್ಥರು.

‘ನನ್ನ ಹತ್ರ ಇದೆ ಸಾರ್. ಪೇಪರ್ ತೆಗೆಯುವಾಗ ನನ್ನನ್ನು ಕೇಳಿದ್ರಾ?’

‘ಅದು ಪಾಸಾಗಿ ಆಯ್ತಲ್ಲ.’

‘ನಾನು ಒಪ್ಪಿಲ್ಲ ಸಾರ್. ಚರ್ಚೆ ಮೊದಲಿಂದ ಆಗಲಿ, ನಾನೂ ಬಂದು ಕೂತ್ಕೊಳ್ತೇನೆ. ಊಟ ಎಲ್ಲಿಗೂ ಹೋಗೋದಿಲ್ಲ.’

ಒಳಗಿಂದ ಪಂದಿಕರಿಯ ವಾಸನೆ ಬರುತ್ತಿತ್ತು. ಬೆಳಿಗ್ಗೆಯಿಡೀ ಒಪ್ಪಿಗೆಯ ತತ್ವವನ್ನು ವಿವರಿಸಿದ್ದ ಪ್ರೊಫೆಸರಿಗೆ ಅದು ಅರ್ಥವಾದದ್ದು ಆಗ. ಸಭೆ ಮತ್ತೆ ಸೇರಿತು. ದೇಚಮ್ಮ ಕೀಯನ್ನು ಮೇಜಿನ ಮೇಲೆ, ತನ್ನ ಕೈಗೆ ಎಟುಕುವಲ್ಲಿ ಇಟ್ಟುಕೊಂಡು ಮಾತಾಡಿದಳು. ಪಂಚಾಯಿತಿಯ ಪತ್ರಿಕೆ ಉಳಿಯಿತು. ಅಮೆರಿಕ ಐಚ್ಛಿಕವಾಗಿ ಮುಂದಿನ ವರ್ಷಕ್ಕೆ ಹೋಯಿತು. ಆಕರಗ್ರಂಥ ಯಾವುದೆಂದು ಯಾರೂ ಕೇಳಲಿಲ್ಲ.

ಬಾಗಿಲು ತೆರೆದಾಗ ಕರಿ ತಣ್ಣಗಾಗಿತ್ತು. ಬಡಿಸಲು ಮುಖ್ಯಸ್ಥರೇ ನಿಂತರು. ತಟ್ಟೆ ಹಿಡಿದು ಮೊದಲು ಕೂತವಳು ದೇಚಮ್ಮ. ಉಂಡು ಕೈ ತೊಳೆಯುವಾಗ ಮುಖ್ಯಸ್ಥರು ಕೀ ಕೇಳಿದರು. ‘ಇರಲಿ ಸಾರ್, ನಾಳೆಯೂ ಕಾರ್ಯಾಗಾರ ಇದೆಯಲ್ಲ’ ಎಂದಳು.