ಮೂಲೆಯ ನೀಲಿ ಗಾಜು

ಹಳೆಯ ಗಾಜು ಕಂಡರೆ ನಮ್ಮ ಡ್ರಾಯಿಂಗ್ ಮಾಸ್ಟ್ರು ಒಂದು ಕಣ್ಣು ಮುಚ್ಚಿ, ಕೆನ್ನೆಯನ್ನು ಅದಕ್ಕೇ ಒತ್ತಿ ನೋಡುತ್ತಿದ್ದರು. ಕೆನ್ನೆಗೆ ಮೆತ್ತಿದ ಧೂಳನ್ನೂ ಒರೆಸಿಕೊಳ್ಳದೆ, "ಆ ಕಾಲದ್ದು" ಅಥವಾ "ಆ ಕಾಲದ್ದಲ್ಲ" ಎನ್ನುತ್ತಿದ್ದರು. ಅದರ ಮೇಲೆ ಯಾರೂ ಮಾತಾಡುವಂತಿರಲಿಲ್ಲ.

ಶಾಲೆಯಲ್ಲಿ ನನಗೆ ನೋಡಲು ಕಲಿಸಿದವರು ಅವರು. ಹಳೆ ಗಾಜಿನೊಳಗೆ ಸಣ್ಣ ಗುಳ್ಳೆಗಳಿರುತ್ತವೆ, ಅದರಾಚೆಯ ತೆಂಗಿನ ಮರ ತುಸು ಡೊಂಕಾಗಿ ಕಾಣುತ್ತದೆ ಎಂದು ತೋರಿಸಿದ್ದೂ ಅವರೇ. ಹಾಗಾಗಿ ಕಾಪುವಿನ ನಮ್ಮ ಮನೆಯನ್ನು ದುರಸ್ತಿ ಮಾಡಿಸುವಾಗ ಬೇರೆ ಯಾರನ್ನೂ ಕೇಳಲಿಲ್ಲ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಮುತ್ತಜ್ಜ ಯಾವುದೋ ದೊರೆಯ ಬಂಗಲೆ ನೋಡಿ ಆಸೆಪಟ್ಟು ಕಟ್ಟಿಸಿದ ಮನೆ ಅದು. ಮಾಸ್ಟ್ರು ವಾರಗಟ್ಟಲೆ ಬಂದರು. ಸೂರಿನಂಚಿನ ಮರದ ಕೆತ್ತನೆ ಉಳಿಸಿದರು. ನಾನು ತಂದ ಮಿರಿಮಿರಿ ಬಾಗಿಲ ಹಿಡಿಕೆಗಳನ್ನು "ಮದುವೆ ಮಂಟಪದ್ದು" ಎಂದು ಗೇಲಿ ಮಾಡಿ, ಎಲ್ಲಿಂದಲೋ ಪಿಂಗಾಣಿಯವನ್ನು ಹುಡುಕಿ ತಂದರು. ಅಮ್ಮ ಅವರಿಗೆಂದೇ ನೀರುದೋಸೆ ಎರೆಯುತ್ತಿದ್ದಳು.

ಕೊನೆಗೆ ಉಳಿದದ್ದು ಎದುರು ಬಾಗಿಲ ಮೇಲಿನ ಬಣ್ಣದ ಗಾಜಿನ ಕಮಾನು. ಎಲ್ಲ ಕೆಂಪು, ಹಸಿರು. ಮೂಲೆಯದೊಂದು ಮಾತ್ರ ನೀಲಿ. ಅಣ್ಣನ ಚೆಂಡಿಗೆ ಒಂದು ಗಾಜು ಒಡೆದಾಗ ಅಪ್ಪ ಕೈಗೆ ಸಿಕ್ಕಿದ್ದನ್ನು ಹಾಕಿಸಿದ್ದರು. ಬೆಳಿಗ್ಗೆ ಆ ನೀಲಿ ಅಮ್ಮನ ಕುರ್ಚಿಯ ಬುಡಕ್ಕೆ ಬೀಳುತ್ತಿತ್ತು. ಅಪ್ಪ ಹೋದ ಮೇಲೆ ಅವಳು ಕುರ್ಚಿಯನ್ನು ಅಲ್ಲಿಂದ ಸರಿಸಲು ಬಿಟ್ಟಿಲ್ಲ.

ಮಾಸ್ಟ್ರು ಏಣಿ ಹತ್ತಿ ಕೆನ್ನೆ ಒತ್ತಿದರು. "ಈ ನೀಲಿ ನೋಡು ಮಾರಾಯ್ತಿ. ಇಡೀ ಕಮಾನೇ ಆ ಕಾಲದ್ದಲ್ಲ."

"ನೀಲಿ ಒಂದೇ ಸರ್ ಅಪ್ಪ ಹಾಕಿಸಿದ್ದು."

"ಅಪ್ಪ ಒಂದು ಹಾಕಿಸಿದರೆ ಅಜ್ಜ ಉಳಿದದ್ದು ಹಾಕಿಸಿರಬಹುದು, ಅಲ್ವಾ? ನನ್ನ ಹತ್ತಿರ ಅಸಲಿ ಒಂದು ಉಂಟು, ತರ್ತೇನೆ."

ಅವರೇ ನೋಡಿದ ಮೇಲೆ ನಾನೇಕೆ ಏಣಿ ಹತ್ತಲಿ? ಕಮಾನನ್ನು ಅಮ್ಮನ ಹಳೆ ಸೀರೆಯಲ್ಲಿ ಸುತ್ತಿ ನಾನೇ ಅವರ ರಿಕ್ಷಾದಲ್ಲಿಟ್ಟೆ.

ಮರುವರ್ಷ ಮಣಿಪಾಲದ ಹೊಸ ಹೋಟೆಲೊಂದರಲ್ಲಿ ತಿಂಡಿಗೆ ಕುಳಿತಾಗ ತಟ್ಟೆಯ ಮೇಲೆ ನೀಲಿ ಬೆಳಕು ಬಿತ್ತು. ತಲೆ ಎತ್ತಿದರೆ ನಮ್ಮ ಕಮಾನು! ಮಾಲೀಕ ಹೆಮ್ಮೆಯಿಂದ ಹೇಳಿದ: "ಅಸಲಿ, ಮೇಡಂ. ಮೂಲೆಯ ನೀಲಿ ಮಾತ್ರ ತೆಗೀಬೇಡಿ, ಅದೇ ಸಾಕ್ಷಿ ಅಂತ ಮಾಸ್ಟ್ರು ಹೇಳಿದ್ದಾರೆ. ಜನ ಬದುಕಿದ ಮನೆಯದ್ದಂತೆ." ಎಷ್ಟು ಕೇಳಿದರೂ ಅವನು ಕೊಡಲು ಒಪ್ಪಲಿಲ್ಲ.

ತಿಂಡಿ ಅರ್ಧಕ್ಕೇ ಬಿಟ್ಟು ಎದ್ದೆ. ನೇರ ಮಾಸ್ಟ್ರ ಮನೆಗೆ ಹೋದೆ. ಅವರು ತಡವರಿಸಲೂ ಇಲ್ಲ. "ನಿಮ್ಮ ಮನೆಯಲ್ಲಿ ಅದನ್ನು ನೋಡುವವರು ಯಾರು? ಅಲ್ಲಿ ಎಷ್ಟು ಜನ ನೋಡ್ತಾರೆ!" ಎಂದರು. ಮೋಸವನ್ನಾದರೂ ಕ್ಷಮಿಸಿಯೇನು, ಆ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ನೋಡುತ್ತಿದ್ದವಳ ದೋಸೆ ತಿಂದೇ ಅವರು ಏಣಿ ಹತ್ತಿದ್ದರು.

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಹೋಗಿ ಕಾಲು ಮುಟ್ಟಿದೆ, ನೋಡಲು ಕಲಿಸಿದವರಲ್ಲವೇ. ಅಳು ಬರಲಿಲ್ಲ. ಮನೆಗೆ ಬಂದು ಏಣಿ ಹತ್ತಿ, ಅವರು ತಂದುಕೊಟ್ಟ ಕಮಾನಿಗೆ ಕೆನ್ನೆ ಒತ್ತಿದೆ. ಒಂದು ಗುಳ್ಳೆಯೂ ಇಲ್ಲ. ಆಚೆಯ ತೆಂಗಿನ ಮರ ನೆಟ್ಟಗೆ ನಿಂತಿತ್ತು.

ಅಮ್ಮ ಈಗಲೂ ಬೆಳಿಗ್ಗೆ ಕುರ್ಚಿಯ ಬುಡ ನೋಡುತ್ತಾಳೆ. "ನೀಲಿ ಎಲ್ಲಿ ಮಗಾ?"

ನಿಜ ಹೇಳಲು ಬಾಯಿ ಬಾರದೆ ಮಾಸ್ಟ್ರ ಮಾತನ್ನೇ ಹೇಳುತ್ತೇನೆ. "ಅದು ಆ ಕಾಲದ್ದಲ್ಲ, ಅಮ್ಮ."

"ಅಪ್ಪನ ಕಾಲದ್ದು, ಅಲ್ವಾ?" ಎನ್ನುತ್ತಾಳೆ.