ಮನೆಯವರೆಲ್ಲ ಬ್ರೆಡ್ಡು ತಿಂದ ಚಳಿಗಾಲ

ಆಗೆಲ್ಲ ನಮ್ಮ ಕಡೆ ಒಂದು ಮನೆಗೆ ಬ್ರೆಡ್ಡು ಬಂತೆಂದರೆ ಆ ಮನೆಯಲ್ಲಿ ಯಾರೋ ಮಲಗಿದ್ದಾರೆ ಎಂದೇ ಅರ್ಥ. ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ಎಂಬತ್ತರ ದಶಕದ ಮೊದಮೊದಲ ಮಾತು ಇದು. ಗಡಿಯಾಚೆ ತಮಿಳುನಾಡಿಗೆ ಸೇರಿದ ನಮ್ಮ ಹೊಸೂರಿನ ಬಸ್ ಸ್ಟ್ಯಾಂಡಿನ ಹತ್ತಿರದ ಬೇಕರಿಯಿಂದ ಮೇಣದ ಕಾಗದ ಸುತ್ತಿದ ಬ್ರೆಡ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟರೆ, ದಾರಿಯಲ್ಲಿ ಸಿಕ್ಕವರೆಲ್ಲ ನಿಲ್ಲಿಸಿ ಯಾರಿಗೆ ಹುಷಾರಿಲ್ಲ ಎಂದು ಕೇಳುತ್ತಿದ್ದರು. ಮಕ್ಕಳಾದ ನಮಗಂತೂ ಜ್ವರ ಬರಲಿ ಎಂದೇ ಆಸೆ. ಜ್ವರ ಬಂದರೆ ಸ್ಕೂಲಿಲ್ಲ, ಮೇಲೆ ಬಿಸಿ ಹಾಲಿನಲ್ಲಿ ಅದ್ದಿದ ಬ್ರೆಡ್ಡು. ಜ್ವರ ಬಿಟ್ಟ ಮರುದಿನವೇ ಮತ್ತೆ ಮುದ್ದೆ, ಸೊಪ್ಪಿನ ಸಾರು. ಸಂಜೆ ಕುಂಟೆಬಿಲ್ಲೆ ಆಡುವಾಗ ‘ನಂಗೆ ಮೂರು ದಿನ ಬ್ರೆಡ್ಡು ಕೊಟ್ಟಿದ್ರು’ ಎಂದು ಜಂಬ ಕೊಚ್ಚಿಕೊಳ್ಳುವುದೂ ಇತ್ತು.

ನಾವಿದ್ದದ್ದು ಹೊಸೂರಿಗೆ ಹೊಂದಿಕೊಂಡ ಮೂಕಂಡಪಲ್ಲಿಯ ಒಂದು ಸಾಲುಮನೆಯಲ್ಲಿ. ಅಪ್ಪನಿಗೆ ಹತ್ತಿರದ ಕಾರ್ಖಾನೆಯೊಂದರಲ್ಲಿ ಲೇತ್ ಮಿಷನ್ನಿನ ಮುಂದೆ ಕೆಲಸ. ಅಮ್ಮ ಹೊಸೂರು ಪೇಟೆಯ ಮೇಷ್ಟರ ಮಗಳು. ನಾನೊಬ್ಬಳೇ ಮಗಳು, ಆಗ ಐದನೇ ಕ್ಲಾಸು. ಪಕ್ಕದ ಮನೆಯಲ್ಲಿ ಧರ್ಮಪುರಿ ಕಡೆಯ ಸೆಲ್ವಿಯಕ್ಕ. ಗೋಡೆ ಒಂದೇ ಆದ್ದರಿಂದ ನಮ್ಮ ಮನೆಯ ಒಗ್ಗರಣೆ ಅವರಿಗೆ ಸೀನು ತರಿಸುತ್ತಿತ್ತು, ಅವರ ಮನೆಯ ಜಗಳ ನಮಗೆ ಬಾಯಿಪಾಠವಾಗಿತ್ತು.

ಆ ವರ್ಷ ದೀಪಾವಳಿ ಕಳೆದು ಚಳಿ ಹಿಡಿಯುವ ಹೊತ್ತಿಗೆ ಅಪ್ಪ ತಮ್ಮೂರು ಉದ್ದನಪಲ್ಲಿಗೆ ಹೋಗಿ ಅಜ್ಜಿಯನ್ನು ಕರೆದುಕೊಂಡು ಬಂದರು. ಅಜ್ಜಿ ಎಂದರೆ ಅಪ್ಪನ ಅಮ್ಮ. ರಾಗಿ ಹೊಲದಲ್ಲಿ ಆಳುಗಳ ಮುಂದೆ ನಿಂತು ಕಳೆ ಕೀಳುತ್ತಿದ್ದ ಹೆಂಗಸು ಬಸ್ಸಿನಿಂದ ಇಳಿಯುವಾಗ ಅಪ್ಪನ ತೋಳು ಹಿಡಿದುಕೊಂಡದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಹೊಟ್ಟೆಯಲ್ಲಿ ಹುಣ್ಣಾಗಿದೆ ಎಂದರು ಡಾಕ್ಟರು. ಎರಡು ತಿಂಗಳು ಮುದ್ದೆ ಕೂಡದು, ಖಾರ ಕೂಡದು, ಗಂಜಿ, ಹಾಲು, ಬ್ರೆಡ್ಡು ಮಾತ್ರ. ಹೀಗೇ ಇಳಿದುಹೋದರೆ ಆಸ್ಪತ್ರೆಗೇ ಸೇರಿಸಬೇಕಾಗುತ್ತದೆ ಎಂದೂ ಹೇಳಿ ಕಳಿಸಿದರು.

ಅಜ್ಜಿ ಗಂಜಿಯನ್ನು ಎರಡು ಗುಟುಕು ಕುಡಿದು ಲೋಟ ಪಕ್ಕಕ್ಕೆ ಸರಿಸುತ್ತಿದ್ದಳು. ಅಪ್ಪ ತಂದ ಬೇಕರಿ ಬ್ರೆಡ್ಡನ್ನು ಕೈಯಲ್ಲೂ ಮುಟ್ಟಲಿಲ್ಲ.

“ಬ್ಯಾಡ ಕಣ್ಲಾ. ಅದನ್ನ ಕಾಲಲ್ಲಿ ತುಳ್ದು ಕಲಸ್ತಾರಂತೆ. ನಾನು ತಿನ್ನಾಕಿಲ್ಲ.”

“ಯಾರಮ್ಮ ಹಂಗಂದೋರು?” ಎಂದರು ಅಪ್ಪ.

“ಊರೆಲ್ಲಾ ಅಂತೈತೆ.”

ಊರೆಲ್ಲ ಅಂದಮೇಲೆ ಮುಗಿಯಿತು. ಅಮ್ಮ ಮರುದಿನ ಸ್ಟೂಲು ಹತ್ತಿ, ಅಟ್ಟದ ಮೇಲೆ ಹಳೇ ಸೀರೆ ಸುತ್ತಿಟ್ಟಿದ್ದ ಕರೆಂಟ್ ಓವನ್ನು ಇಳಿಸಿದಳು. ದುಂಡನೆಯ ಅಲ್ಯೂಮಿನಿಯಂ ಪಾತ್ರೆ, ಮೇಲೊಂದು ಮುಚ್ಚಳ, ಮುಚ್ಚಳದ ನಡುವೆ ಅಂಗೈಯಗಲದ ಗಾಜು. ಮಹಿಳಾ ಸಮಾಜದಲ್ಲಿ ಕೇಕು ಮಾಡುವುದನ್ನು ಕಲಿತ ಹುರುಪಿನಲ್ಲಿ ಕೊಂಡದ್ದು. ಎರಡು ಸಲ ಕೇಕು ಮಾಡಿ, ಮೂರನೆಯ ಸಲ ಫ್ಯೂಸು ಹೋಗಿ, ಅಪ್ಪ ಬೈದು, ಅದು ಅಟ್ಟ ಸೇರಿತ್ತು. ಅಪ್ಪ ಬೇಕರಿಯವನನ್ನು ಕಾಡಿ ಬೇಡಿ ಈಸ್ಟು ತಂದರು. ಅದನ್ನು ಎಷ್ಟು ಹಾಕಬೇಕು, ಎಷ್ಟು ಹೊತ್ತು ಬಿಡಬೇಕು ಎಂಬುದನ್ನೂ ಅವನೇ ಒಂದು ಚೀಟಿಯಲ್ಲಿ ತಮಿಳಿನಲ್ಲಿ ಬರೆದುಕೊಟ್ಟಿದ್ದ.

ಮೊದಲನೆಯ ಬ್ರೆಡ್ಡು ಉಬ್ಬಲೇ ಇಲ್ಲ. ನಮ್ಮ ಹೊಸೂರಿನ ಚಳಿ ಗೊತ್ತಲ್ಲ, ಮಧ್ಯಾಹ್ನಕ್ಕೂ ಕೊಬ್ಬರಿ ಎಣ್ಣೆ ಕರಗುವುದಿಲ್ಲ. ಹಿಟ್ಟು ಕಲಸಿಟ್ಟ ಹಾಗೇ ಕೂತಿತ್ತು. ಬೆಂದು ಬಂದದ್ದನ್ನು ಅಜ್ಜಿ ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದಳು.

“ಎಸೀಬ್ಯಾಡ ಕಣಮ್ಮ. ಬಾಗ್ಲು ಬಡ್ಕೊಳ್ದಂಗೆ ಅಡ್ಡ ಇಡಾಕೆ ಆಗ್ತದೆ.”

ಅಮ್ಮನ ಮುಖ ಸಣ್ಣಗಾಯಿತು. ಆದರೆ ಕೆಲಸ ಕೆಡುವುದನ್ನು ನೋಡಿಕೊಂಡು ಸುಮ್ಮನಿರುವ ಜಾಯಮಾನ ಅಜ್ಜಿಯದಲ್ಲ. ಮಾರನೆಯ ದಿನ ಅಮ್ಮ ಹಿಟ್ಟು ಕಲಸಿ ಮುಗಿಸುವುದನ್ನೇ ಕಾದಿದ್ದು, “ಅದಕ್ಕೆ ಚಳಿ ಆಗ್ತೈತೆ, ಇತ್ತಾಗ್ ಕೊಡು” ಎಂದು ಪಾತ್ರೆಯನ್ನು ತನ್ನ ಕಂಬಳಿಯಲ್ಲಿ ಸುತ್ತಿ ಮಡಿಲ ಹತ್ತಿರ ಇಟ್ಟುಕೊಂಡಳು. ಎರಡು ಗಂಟೆಯ ಮೇಲೆ ನಾನು ಕಂಬಳಿ ಸರಿಸಿ ನೋಡಿದರೆ ಹಿಟ್ಟು ಪಾತ್ರೆಯ ಕಂಠದವರೆಗೆ ಬಂದು ಮುಚ್ಚಿದ್ದ ಬಟ್ಟೆಯನ್ನು ಮೇಲಕ್ಕೆ ತಳ್ಳುತ್ತಿತ್ತು.

ಓವನ್ನು ಹಾಕುವುದಕ್ಕೂ ಒಂದು ಹೊತ್ತಿತ್ತು. ಹಗಲಿಡೀ ಸುತ್ತಲಿನ ವರ್ಕ್‌ಶಾಪುಗಳು ಓಡುತ್ತಿದ್ದರಿಂದ ನಮ್ಮ ಮನೆಯ ಬಲ್ಬು ಹಣ್ಣು ಮೆಣಸಿನಕಾಯಿಯ ಬಣ್ಣಕ್ಕೆ ಇಳಿದಿರುತ್ತಿತ್ತು. ಐದು ಗಂಟೆಗೆ ಸಂಗು ಕೂಗಿದ ಮೇಲೆ, ಕಾರ್ಖಾನೆಯ ಸೈರನ್ನಿಗೆ ನಾವೆಲ್ಲ ಸಂಗು ಎನ್ನುತ್ತಿದ್ದೆವು, ಸಣ್ಣಪುಟ್ಟ ವರ್ಕ್‌ಶಾಪುಗಳು ನಿಂತು ಕರೆಂಟು ಜೀವ ತುಂಬಿಕೊಳ್ಳುತ್ತಿತ್ತು. ಅಮ್ಮ ಆಗ ಸ್ವಿಚ್ಚು ಒತ್ತುವಳು. ಅಜ್ಜಿ ಮಣೆ ಎಳೆದುಕೊಂಡು ಓವನ್ನಿನ ಎದುರೇ ಕೂರುವಳು, ಪಕ್ಕದಲ್ಲಿ ನಾನು. ಗಾಜಿನೊಳಗೆ ಬಿಳೀ ಹಿಟ್ಟು ನಿಧಾನವಾಗಿ ಎದ್ದು, ಹಳದಿಯಾಗಿ, ಆಮೇಲೆ ಕಂದು ತಿರುಗುವುದನ್ನು ಇಬ್ಬರೂ ಕಣ್ಣು ಮಿಟುಕಿಸದೆ ನೋಡುತ್ತಿದ್ದೆವು. ಮನೆ ತುಂಬ ಒಂಥರಾ ವಾಸನೆ. ಹಸಿವೇ ಇಲ್ಲದವನಿಗೂ ಹಸಿವು ಹುಟ್ಟಿಸುವಂಥದ್ದು.

ಆದರೆ ಅಜ್ಜಿಗೆ ಹುಟ್ಟಲಿಲ್ಲ. ತಾನೇ ಕಂಬಳಿ ಹೊದೆಸಿ ಉಬ್ಬಿಸಿದ, ತಾನೇ ಕಾವಲು ಕೂತು ಬೇಯಿಸಿದ ಬ್ರೆಡ್ಡನ್ನು ಅಮ್ಮ ಹಾಲಿನ ಜೊತೆ ಮುಂದಿಟ್ಟರೆ ಮುಖ ತಿರುಗಿಸಿದಳು.

“ಈಗ ಯಾರು ತುಳಿದ್ರು ಅತ್ತೆ? ನಿಮ್ಮ ಕಣ್ಣೆದುರೇ ಕಲಸಿದ್ದೀನಲ್ಲ?” ಅಮ್ಮ ಕೇಳಿದಳು.

ಅಮ್ಮ ಒಳಗೆ ಹೋದ ಮೇಲೆ ಅಜ್ಜಿ ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು: “ನಿಮ್ಮ ತಾತನ್ನ ಕೃಷ್ಣಗಿರಿ ಆಸ್ಪತ್ರೆಗೆ ಹಾಕಿದ್ವಲ್ಲ, ಕೊನೇ ಎಂಟು ದಿವ್ಸ ಇದೇ ಬ್ರೆಡ್ಡು, ಇದೇ ಹಾಲು ಕೊಟ್ರು ಕಣಮ್ಮಿ. ಅವ್ರು ಬ್ರೆಡ್ಡು ತಿನ್ನೋರು, ಪಕ್ಕದಾಗೆ ಕೂತ್ಕಂಡು ನಾನು ಮುದ್ದೆ ನುಂಗ್ತಿದ್ದೆ. ನನ್ ತಟ್ಟೆನೇ ನೋಡೋರು. ಒಂಬತ್ತನೇ ದಿವ್ಸ ಹೋಗ್ಬುಟ್ರು.”

ನಾನು ಹೊಟ್ಟೆಯಲ್ಲಿ ಮಾತು ಇಟ್ಟುಕೊಳ್ಳುವ ಹುಡುಗಿಯಲ್ಲ. ನೇರ ಅಡಿಗೆ ಮನೆಗೆ ಹೋಗಿ ಅಮ್ಮನಿಗೆ ಒಪ್ಪಿಸಿದೆ. ಅಮ್ಮ ಈರುಳ್ಳಿ ಹೆಚ್ಚುತ್ತಿದ್ದವಳು ಕೈ ನಿಲ್ಲಿಸಿ ಮೈದಾ ಡಬ್ಬದ ಮುಚ್ಚಳ ತೆಗೆದು ಎಷ್ಟಿದೆ ಎಂದು ನೋಡಿದಳು.

ಮರುದಿನ ರಾತ್ರಿ ಊಟಕ್ಕೆ ಕೂತರೆ ಮುದ್ದೆಯೇ ಇಲ್ಲ. ಅಪ್ಪನ ತಟ್ಟೆಯಲ್ಲಿ ಬ್ರೆಡ್ಡು, ನನ್ನ ತಟ್ಟೆಯಲ್ಲಿ ಬ್ರೆಡ್ಡು, ಅಮ್ಮನ ತಟ್ಟೆಯಲ್ಲಿ ಬ್ರೆಡ್ಡು, ಮಧ್ಯದಲ್ಲಿ ಖಾರವಿಲ್ಲದ ಬೇಳೆ ಕಟ್ಟು. ಎಂಟು ಗಂಟೆ ಮಿಷನ್ನಿನ ಮುಂದೆ ನಿಂತು ಬಂದ ಅಪ್ಪ ತಟ್ಟೆಯನ್ನು ನೋಡಿದರು.

“ಏನೇ ಇದು, ನಂಗೇನಾಗೈತೆ?”

“ಏನೂ ಆಗಿಲ್ಲ. ಇವತ್ತಿಂದ ನಮ್ಮನೇಲಿ ಇದೇ ಊಟ” ಎಂದಳು ಅಮ್ಮ. ಆಮೇಲೆ ಕಣ್ಣಿನಲ್ಲೇ ಅಜ್ಜಿಯ ಕಡೆ ತೋರಿಸಿದಳು. ಅಪ್ಪ ತಲೆ ತಗ್ಗಿಸಿ ಒಂದು ತುಂಡು ಮುರಿದು ಬೇಳೆಯಲ್ಲಿ ಅದ್ದಿದರು.

ಒಂದು ದಿನ, ಎರಡು ದಿನ, ನಾಲ್ಕು ದಿನ. ಜ್ವರದಲ್ಲಿ ಅಮೃತವಾಗಿದ್ದ ಬ್ರೆಡ್ಡು ನನಗೆ ಮೂರನೆಯ ದಿನಕ್ಕೇ ಸಾಕಾಗಿ ಹೋಯಿತು. ಅಪ್ಪ ರಾತ್ರಿ ಎದ್ದು ಎರಡೆರಡು ಚೊಂಬು ನೀರು ಕುಡಿಯುತ್ತಿದ್ದರು. ಆದರೂ ಅಪ್ಪನಾಗಲಿ ನಾನಾಗಲಿ ಮುದ್ದೆ ಕೇಳಲಿಲ್ಲ. ಅಜ್ಜಿ ಎಲ್ಲರ ತಟ್ಟೆಯನ್ನೂ ನೋಡುವಳು, ತನ್ನ ಗಂಜಿಯ ಲೋಟವನ್ನು ಎರಡು ಗುಟುಕಿಗೆ ನಿಲ್ಲಿಸುವಳು. ಅವಳ ಬಳೆಗಳು ಮೊಣಕೈಯವರೆಗೆ ಜಾರತೊಡಗಿದ್ದವು. ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಲು ಅಪ್ಪ ರಜೆ ಕೇಳಿ ಬಂದಿದ್ದಾರೆಂದು ನನಗೆ ಗೊತ್ತಾಗಿ ಭಯವಾಯಿತು.

ಆರನೆಯ ಸಂಜೆ ಹಿತ್ತಲ ಬಾಗಿಲಿಂದ ಸೆಲ್ವಿಯಕ್ಕ ಬಂದರು. ಕೈಯಲ್ಲೊಂದು ದೊಡ್ಡ ಚೊಂಬು, ಅದರ ತುಂಬ ಹಸಿರು ಮಜ್ಜಿಗೆ. ನಾವು ಮೂವರೂ ಬ್ರೆಡ್ಡಿನ ಮುಂದೆ ಕೂತಿದ್ದೆವು. ಅಜ್ಜಿ ಗೋಡೆಗೆ ಒರಗಿದ್ದಳು. ಸೆಲ್ವಿಯಕ್ಕ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, ಅಪ್ಪನ ಕಣ್ಣ ಕೆಳಗಿನ ರೆಪ್ಪೆ ಎಳೆದು ನೋಡುವುದೊಂದು ಬಾಕಿ, ಅಮ್ಮನಿಗೆ ಹೇಳಿದರು:

“ಆರು ದಿನ ಆಯ್ತು ಅಕ್ಕಾ, ನಿಮ್ಮನೆ ಇಂದ ಒಗ್ಗರಣೆ ಇಲ್ಲ, ಖಾರ ಇಲ್ಲ, ದಿನಾ ಬ್ರೆಡ್ಡು ವಾಸನೆ. ಮನೇಲಿ ಎಲ್ಲಾರುಕ್ಕುಂ ಮಂಜಕಾಮಾಲೆ, ನಮ್ಗೆ ಒಂದು ಮಾತು ಹೇಳಬಾರ್ದಾ? ನೆಲನೆಲ್ಲಿ ಸೊಪ್ಪು ಅರೆದು ತಂದೆ. ಮೂರು ದಿನ ಕುಡೀರಿ, ಇಳಿದೋಗತ್ತೆ.” ಆಮೇಲೆ ಅಜ್ಜಿಯ ಕಡೆ ತಿರುಗಿ ದೊಡ್ಡದಾಗಿ ಕೈ ಮುಗಿದರು. “ಒಳ್ಳೇ ಕಾಲ, ಪಾಟಿ ಮಟ್ಟುಂ ನಲ್ಲಾ ಇರುಕ್ಕಾಂಗ.”

ಅಜ್ಜಿಗೆ ತಮಿಳು ನಮ್ಮೆಲ್ಲರಿಗಿಂತ ಚೆನ್ನಾಗಿ ಬರುತ್ತಿತ್ತು. ಮನೆಯವರಿಗೆಲ್ಲ ಕಾಮಾಲೆ, ಅಜ್ಜಿಯೊಬ್ಬಳು ಮಾತ್ರ ಗಟ್ಟಿಯಾಗಿದ್ದಾಳೆ! ಅವಳು ಒಂದು ಗಳಿಗೆ ಸೆಲ್ವಿಯಕ್ಕನ ಮುಖ ನೋಡಿದಳು. ಆಮೇಲೆ ನಗು ಶುರುವಾಯಿತು. ಹೊಟ್ಟೆ ಹಿಡಿದುಕೊಂಡು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಕೆಮ್ಮು ಬರುವ ತನಕ ನಕ್ಕಳು. ಬಂದಾಗಿನಿಂದ ಅವಳು ನಕ್ಕದ್ದು ಅದೇ ಮೊದಲು.

“ಕುಡೀಲಾ, ಕುಡಿ. ನಿಂಗೆ ಕಾಮಾಲೆಯಂತೆ” ಎಂದಳು ಅಪ್ಪನಿಗೆ. “ಪಾಪ, ಆವಮ್ಮ ಅರ್ಕಂಡು ಬಂದವ್ಳೆ.”

ಅಪ್ಪ ಆ ಕಹಿಯನ್ನು ಒಂದೇ ಉಸಿರಿಗೆ ಕುಡಿದರು. ಅಮ್ಮ ಕುಡಿದಳು. ನನ್ನ ಮೂಗು ಹಿಡಿದು ನನಗೂ ಕುಡಿಸಿದರು. ಸೆಲ್ವಿಯಕ್ಕ ಚೊಂಬು ಖಾಲಿಯಾದ ಮೇಲೆ ತೃಪ್ತಿಯಿಂದ ಹೊರಟರು. ಬಾಗಿಲು ಹಾಕಿಕೊಂಡು ಬಂದು ನೋಡಿದರೆ ಅಜ್ಜಿ ನನ್ನ ತಟ್ಟೆಯಿಂದ ಒಂದು ತುಂಡು ತೆಗೆದು ಹಾಲಿಗೆ ಅದ್ದುತ್ತಿದ್ದಳು. ಅಮ್ಮ ನನಗೆ ಸುಮ್ಮನಿರು ಎಂದು ಕಣ್ಸನ್ನೆ ಮಾಡಿದಳು. ಅಜ್ಜಿ ಎರಡನೆಯ ತುಂಡನ್ನೂ ತಿಂದಳು. ಅಪ್ಪ ಎದ್ದು ಹಿತ್ತಲಿಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಕೈ ತೊಳೆಯಲಿಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ.

ಅವತ್ತಿನಿಂದ ಎರಡು ತಿಂಗಳು ನಮ್ಮನೆಯಲ್ಲಿ ದಿನಾ ಬ್ರೆಡ್ಡು. ಅಜ್ಜಿ ತಿನ್ನಲು ಶುರುಮಾಡಿದಳಲ್ಲ, ಇನ್ನು ನಮಗೆ ಮುದ್ದೆ ಮಾಡು ಎಂದು ನಾನು ಕೇಳಿದ್ದಕ್ಕೆ ಅಮ್ಮ, “ಅವರಿಗೆ ಯಾವತ್ತು ಮುದ್ದೆಯೋ ಅವತ್ತೇ ನಮಗೂ” ಎಂದುಬಿಟ್ಟಳು. ಕೊನೆಕೊನೆಗೆ ಅಜ್ಜಿ ಮೈದಾಕ್ಕೆ ಒಂದು ಹಿಡಿ ರಾಗಿ ಹಿಟ್ಟು ಸೇರಿಸುವಂತೆ ಮಾಡಿ, ಅದಕ್ಕೊಂದು ರುಚಿ ತಂದಳು. ಯುಗಾದಿಗೆ ಮುಂಚೆ ಡಾಕ್ಟರು ಸರಿ ಎಂದರು. ಅಮ್ಮ ಮಾಡಿದ ಮೊದಲ ಮುದ್ದೆಯನ್ನು ನಾವು ನಾಲ್ವರೂ ಮಾತೇ ಆಡದೆ ನುಂಗಿದೆವು. ಅಜ್ಜಿ ಉದ್ದನಪಲ್ಲಿಗೆ ಹೋಗಿ ಮತ್ತೆ ಹದಿನಾಲ್ಕು ವರ್ಷ ಗಟ್ಟಿಯಾಗಿ ಬದುಕಿದಳು. ಬ್ರೆಡ್ಡು ಕೊಟ್ಟರೆ, “ಅದನ್ನ ತಿನ್ನಾಕೆ ನಂಗೇನಾಗೈತೆ?” ಎನ್ನುತ್ತಿದ್ದಳು.

ಈಗ ನಮ್ಮ ಮನೆಯಲ್ಲಿ ಬ್ರೆಡ್ಡು ಮಾಡುವ ಮಿಷನ್ನೇ ಇದೆ. ಹಿಟ್ಟು, ನೀರು, ಈಸ್ಟು ಸುರಿದು ಗುಂಡಿ ಒತ್ತಿದರೆ ಸಾಕು. ಅದೇ ಕಲಸುತ್ತದೆ, ಅದೇ ಬೆಚ್ಚಗಿಟ್ಟು ಉಬ್ಬಿಸುತ್ತದೆ, ಬೆಂದ ಮೇಲೆ ಪೀಂ ಪೀಂ ಎಂದು ಕೂಗಿ ಕರೆಯುತ್ತದೆ. ಯಾರೂ ಮಣೆ ಹಾಕಿಕೊಂಡು ಎದುರು ಕೂರಬೇಕಾಗಿಲ್ಲ. ಅದನ್ನು ತಂದದ್ದೇ ಅಮ್ಮನಿಗಾಗಿ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನ ಜೊತೆಯಲ್ಲೇ ಇದ್ದಳು. ಹೋದ ವರ್ಷ ಅವಳಿಗೆ ಗಟ್ಟಿ ಪದಾರ್ಥ ನುಂಗಲು ಆಗದಂತಾಯಿತು. ಡಾಕ್ಟರು ಮೆತ್ತಗಿನದು ಕೊಡಿ ಎಂದರು. ನಾನು ದಿನ ಬಿಟ್ಟು ದಿನ ಹೊಸ ಬ್ರೆಡ್ಡು ಮಾಡಿ, ಅಂಚು ತೆಗೆದು, ಹಾಲಿನಲ್ಲಿ ನೆನೆಸಿ ಹೊತ್ತು ಹೊತ್ತಿಗೆ ಕೊಟ್ಟೆ. ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಎಂದು ಬಂದವರೆಲ್ಲ ಹೊಗಳಿದರು, ನಾನೂ ನಂಬಿದ್ದೆ.

ನಾಲ್ಕು ತಿಂಗಳು ಅಮ್ಮ ನಮ್ಮ ಮೇಜಿನ ಒಂದು ಮೂಲೆಯಲ್ಲಿ ಕೂತು ಅದನ್ನು ತಿಂದಳು. ಎದುರಿನಲ್ಲಿ ನಾನು, ನನ್ನ ಗಂಡ, ಮಗ ಬಿಸಿ ಮುದ್ದೆ, ಅವರೆಕಾಳು ಸಾರು ಊಟ ಮಾಡುತ್ತಿದ್ದೆವು. ಅವಳು ನನ್ನ ತಟ್ಟೆಯನ್ನೇ ನೋಡುತ್ತಿದ್ದದ್ದು ನನಗೆ ಕಾಣಿಸದೆ ಇರಲಿಲ್ಲ. ಒಂದು ಸಲ ಏನಮ್ಮ ಎಂದು ಕೇಳಿಯೂ ಕೇಳಿದ್ದೆ.

“ಏನಿಲ್ಲ, ನೀನು ತಿನ್ನು. ಮುದ್ದೆ ಆರೋಗತ್ತೆ” ಎಂದಿದ್ದಳು.

ಅವಳು ತೀರಿಹೋಗಿ ಮೂರು ತಿಂಗಳಾದ ಮೇಲೆ, ಒಂದು ದಿನ ಊಟದ ಮಧ್ಯೆ, ನನಗೆ ಅದು ಹೊಳೆಯಿತು. ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದೆ. ಹತ್ತು ವರ್ಷದವಳಾಗಿದ್ದಾಗ ಬೇಜಾರಿನಲ್ಲಾದರೂ ಅಜ್ಜಿಯ ಪಕ್ಕ ಕೂತು ಎರಡು ತಿಂಗಳು ಬ್ರೆಡ್ಡು ತಿಂದಿದ್ದೆ. ಅಮ್ಮನ ಪಕ್ಕ ಕೂತು ಒಂದು ಹೊತ್ತೂ ತಿನ್ನಲಿಲ್ಲ.